ಗೃಹಯಂತ್ರ ವಿಚಾರ: ತಲೆಬಾಗಿಲು ಮತ್ತು ಒಳಗಿನ ಕೋಣೆ

ಕಲಬುರ್ಗಿಯ ಬ್ರಹ್ಮಪುರದಲ್ಲಿ, ಶರಣಬಸವೇಶ್ವರರ ಗುಡಿಯ ಆಸುಪಾಸಿನ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ಮಗನು ವ್ಯಾಸಂಗಾರ್ಥವಾಗಿ ಬೆಂಗಳೂರಿಗೆ ಹೋಗಿರುವನು. ಅವನ ಕಂಪ್ಯೂಟರು ಮನೆಯಲ್ಲಿಯೇ ಉಳಿದಿರುವುದು. ಅದರೊಳಗೆ ಅವನು ಅಭ್ಯಾಸಕ್ಕೆಂದು ಕಟ್ಟಿಕೊಂಡ ವರ್ಚುವಲ್ ಮೆಷಿನ್ ಒಂದುಂಟು. ಅದೇ ಕಂಪ್ಯೂಟರಿನಲ್ಲಿ ತಂದೆಯ ಬ್ಯಾಂಕಿನ ಕಾಗದಗಳೂ ತಾಯಿಯು ಕೂಡಿಟ್ಟ ಕುಟುಂಬದ ಚಿತ್ರಗಳೂ ಇರುವುವು. ದೂರದಿಂದಲೇ ತನ್ನ ಯಂತ್ರವನ್ನು ನಡೆಯಿಸಬೇಕೆಂದು ಮಗನ ಅಪೇಕ್ಷೆ. ಮನೆಯವರು ಸಮ್ಮತಿಸಬಹುದೇ?

ವರ್ಚುವಲ್ ಮೆಷಿನ್ ಎಂದರೆ ಕಂಪ್ಯೂಟರಿನೊಳಗೆ ಮತ್ತೊಂದು ಕಂಪ್ಯೂಟರಿನಂತೆ ವರ್ತಿಸುವ ಏರ್ಪಾಡು. ಇದು ಹೊಸ ಸೋಜಿಗವೇನಲ್ಲ, ಐ.ಬಿ.ಎಂ. ಕಂಪೆನಿಯವರು 1972ರಲ್ಲಿಯೇ ತಮ್ಮ ದೊಡ್ಡ ಯಂತ್ರಗಳಿಗಾಗಿ ಇಂಥದನ್ನು ಪ್ರಕಟಿಸಿದ್ದರು.

ನಮ್ಮ ಕಡೆಯ ಹಳೆಯ ವಾಡೆಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ರೂಟರೇ ತಲೆಬಾಗಿಲು, ಕಂಪ್ಯೂಟರು ಪಡಸಾಲೆ, ವರ್ಚುವಲ್ ಮೆಷಿನ್ ಒಳಗಿನ ಕೋಣೆ. ಹೊರಗಿನವರಿಗೆ ಕಾಣುವುದು ತಲೆಬಾಗಿಲಿನ ವಿಳಾಸವೊಂದೇ. 192.168 ಎಂದು ಮೊದಲಾಗುವ ಸಂಖ್ಯೆಗಳು ಮನೆಯೊಳಗೆ ಮಾತ್ರ ಸಲ್ಲುವುವು. ವರ್ಚುವಲ್‌ಬಾಕ್ಸ್ ತಂತ್ರಾಂಶದಲ್ಲಿ ಕೋಣೆಯ ವಿಳಾಸವು ಸಾಮಾನ್ಯವಾಗಿ 10.0.2.15, ಅದು ಪಡಸಾಲೆಯಿಂದಾಚೆಗೆ ಯಾರಿಗೂ ತಿಳಿಯದು. ಆದಕಾರಣ ಎರಡು ಅಪ್ಪಣೆಗಳು ಬೇಕಾಗುವುವು. 2222ನೆಯ ಪೋರ್ಟಿಗೆ ಬಂದುದನ್ನು ಕಂಪ್ಯೂಟರಿಗೆ ಕಳುಹಿಸೆಂದು ರೂಟರಿಗೆ ಒಂದು. ಅದನ್ನು ಕೋಣೆಯ 22ನೆಯ ಪೋರ್ಟಿಗೆ ಒಪ್ಪಿಸೆಂದು ವರ್ಚುವಲ್‌ಬಾಕ್ಸಿಗೆ ಇನ್ನೊಂದು. ಇದೇ ಪೋರ್ಟ್ ಫಾರ್ವರ್ಡಿಂಗ್. ಬಹು ಜನರು ಒಂದನ್ನು ಮಾಡಿ ಇನ್ನೊಂದನ್ನು ಮರೆತು, ಯಂತ್ರವನ್ನು ದೂಷಿಸುವರು! ಕಂಪ್ಯೂಟರಿನ ಒಳವಿಳಾಸವನ್ನು ರೂಟರಿನಲ್ಲಿ ಸ್ಥಿರಪಡಿಸುವುದೂ ಅವಶ್ಯ; ಇಲ್ಲವಾದರೆ ವಿದ್ಯುತ್ತು ಹೋಗಿ ಬಂದ ದಿನ ಅಪ್ಪಣೆಯು ದಿಕ್ಕುಗಾಣದೆ ಉಳಿಯುವುದು.

ಆದರೆ ತಲೆಬಾಗಿಲು ಮಗನೊಬ್ಬನಿಗಾಗಿ ತೆರೆಯುವುದಿಲ್ಲ, ಲೋಕಕ್ಕೆಲ್ಲ ತೆರೆಯುವುದು. ವಿಳಾಸಗಳನ್ನು ಒಂದೊಂದಾಗಿ ತಟ್ಟಿ ನೋಡುವ ಯಂತ್ರಗಳು ಹಗಲಿರುಳು ದುಡಿಯುತ್ತಿರುವುವು. ಪೋರ್ಟಿನ ಸಂಖ್ಯೆಯನ್ನು ಬದಲಾಯಿಸಿದರೆ ತಟ್ಟುವವರು ಕಡಿಮೆಯಾಗುವರೇ ಹೊರತು ಬೀಗ ಹಾಕಿದಂತಾಗದು. ಕೋಣೆಗೆ ನುಗ್ಗಿದವನು ಅಲ್ಲಿಂದ ಮನೆಯ ಇತರ ಯಂತ್ರಗಳ ಬಾಗಿಲನ್ನೂ ತಟ್ಟಬಲ್ಲನು. ತಂದೆಯ ಕಾಗದಗಳು ಅಪಾಯಕ್ಕೆ ಒಳಗಾಗುವುದು ಹೀಗೆಯೇ.

ಫಿನ್ಲೆಂಡಿನ ಟಾಟು ಯುಲೋನೆನ್ ಎಂಬವರು, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳು ಕಳುವಾದುದನ್ನು ಕಂಡು 1995ರಲ್ಲಿ ಎಸ್.ಎಸ್.ಎಚ್. ಎಂಬ ವಿಧಾನವನ್ನು ರಚಿಸಿದರು. 22ನೆಯ ಪೋರ್ಟು ಅದಕ್ಕೆ ಮೀಸಲು. ಅದರಲ್ಲಿ ಗುಪ್ತಪದದ ಪ್ರವೇಶವನ್ನು ಸಂಪೂರ್ಣವಾಗಿ ನಿಲ್ಲಿಸಿ, ಮಗನಲ್ಲಿರುವ ಕೀಲಿಕಡತಕ್ಕೆ ಮಾತ್ರ ಬಾಗಿಲು ತೆರೆಯುವಂತೆ ಮಾಡಬಹುದು. ಇಷ್ಟನ್ನು ಮಾಡದೆ ಅಪ್ಪಣೆ ಕೊಡಕೂಡದೆಂದೇ ನಮ್ಮ ಅಭಿಪ್ರಾಯ. ಕಂಪ್ಯೂಟರಿಗೂ ಕೋಣೆಗೂ ನಡುವೆ ಹಂಚಿಕೊಂಡ ಕಡತಕೋಶವಿದ್ದರೆ ಅದನ್ನೂ ಮುಚ್ಚತಕ್ಕದ್ದು.

ಎಲ್ಲ ಸರಿಯಿದ್ದರೂ ಕೆಲವು ಮನೆಗಳಲ್ಲಿ ಇದು ಸಾಗದು. ರೂಟರಿನ ಹೊರವಿಳಾಸವು 100.64ರಿಂದ 100.127ರ ವರೆಗಿನದಾಗಿದ್ದರೆ, ಇಂಟರ್‌ನೆಟ್ ಒದಗಿಸುವವರು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿರುವರೆಂದು ತಿಳಿಯಬೇಕು. ಆಗ ಅವರಿಂದ ಪ್ರತ್ಯೇಕ ವಿಳಾಸವನ್ನು ಪಡೆಯಬೇಕು. ಅಥವಾ ಮನೆಯ ಯಂತ್ರವೇ ಮೊದಲು ಹೊರಟು ಹೊರಗಿನ ಸರ್ವರೊಂದನ್ನು ಸೇರುವ ಏರ್ಪಾಡನ್ನು ಮಾಡಬೇಕು. ಎರಡನೆಯದರಲ್ಲಿ ತಲೆಬಾಗಿಲನ್ನು ತೆರೆಯುವ ಪ್ರಮೇಯವೇ ಇಲ್ಲ.

ಮಗನು ರಜೆಗೆ ಊರಿಗೆ ಬಂದಾಗ ರೂಟರಿನಲ್ಲಿಯ ಅಪ್ಪಣೆಯನ್ನು ಅಳಿಸಿಬಿಡಲಿ. ಮರಳಿ ಹೊರಡುವ ಮುನ್ನ ಅದನ್ನು ಪುನಃ ಬರೆಯಲು ಐದು ನಿಮಿಷವೂ ಹಿಡಿಯದು.