ಇವತ್ತು ಬಳಚು ಇಲ್ಲ

ಮಕ್ಕಳೇ, ಕುಮಟಾ ಕಡೆ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ, ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಕೆಸರಿಗಿಳಿಯುತ್ತಾರೆ. ಹುಡುಕುವುದು ಬಳಚನ್ನು. ಎರಡು ಗಟ್ಟಿ ಚಿಪ್ಪು, ನಡುವೆ ಮೆತ್ತಗಿನ ಜೀವ. ಅದರ ನೆಂಟ ಸಿಂಪಿ ಬಂಡೆಗೆ ಅಂಟಿತೆಂದರೆ ಜನ್ಮದಲ್ಲಿ ಕದಲುವುದಿಲ್ಲ. ಬಳಚು ಕೆಸರಲ್ಲಿ ಹುದುಗಿ ಕೂರುತ್ತದೆ. ಇಬ್ಬರ ಊಟವೂ ಒಂದೇ ಬಗೆ: ನೀರನ್ನು ಒಳಗೆಳೆದು, ಸೋಸಿ, ಕಣ್ಣಿಗೆ ಕಾಣದ ಪಾಚಿ ತಿನ್ನುವುದು. ನದಿ ಹೊಲಸಾದರೆ ಇವುಗಳ ಹೊಟ್ಟೆಯೂ ಹೊಲಸು.

ಮೊನ್ನೆ ಮೊಮ್ಮಗಳನ್ನು ಅಲ್ಲಿನ ನಾಲ್ಕೇ ಮೇಜಿನ ಮೀನೂಟದ ಹೋಟೆಲಿಗೆ ಕರೆದೊಯ್ದೆ. ತೆಂಗಿನತುರಿ ಹಾಕಿದ ಬಳಚಿನ ಸುಕ್ಕದ ಆಸೆಯನ್ನು ದಾರಿಯುದ್ದಕ್ಕೂ ನಾನೇ ಹತ್ತಿಸಿದ್ದೆ.

"ಇವತ್ತು ಬಳಚು ಇಲ್ಲ ಅಜ್ಜಾ," ಎಂದರು ಹೋಟೆಲಿನಾಕೆ. "ಬುಟ್ಟಿ ಬಂದಿತ್ತು. ಎಲ್ಲ ಉಗುರಿನಷ್ಟು. ವಾಪಸ್ ನದಿಗೇ ಹಾಕಿ ಅಂದೆ."

"ಸಣ್ಣದಾದರೂ ರುಚಿ ಇರತ್ತಲ್ಲ ಅಕ್ಕಾ?" ಮೊಮ್ಮಗಳು ಬಿಡಲಿಲ್ಲ.

"ಮರಿಯನ್ನೇ ಬೇಯಿಸಿದರೆ ಮೊಟ್ಟೆ ಇಡೋದು ಯಾರು ಪುಟ್ಟಿ?"

ಅಂದು ಆಕೆಗೆ ನಷ್ಟವೇ. ಆ ಹೋಟೆಲಿಗೆ ಜನ ಬರುವುದೇ ಬಳಚಿಗೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಸಾಲಿನಲ್ಲಿ, ಜಾಗ ಸಿಕ್ಕಿತು. ಸಂತೋಷ. ಆದರೆ ಪಟ್ಟಿ ನೋಡಿ ಬಳಚು ಬೆಳೆಯುವುದಿಲ್ಲವಲ್ಲ!

ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಬಂತು. ಮುಖ ಊದಿಸಿಕೊಂಡಿದ್ದವಳು ಎರಡು ಸಲ ಸಾರು ಹಾಕಿಸಿಕೊಂಡಳು. ಕೈತೊಳೆಯುವಾಗ ಕೇಳಿದಳು: "ದೀಪಾವಳಿ ರಜೆಗೆ ದೊಡ್ಡದಾಗಿರತ್ತಾ ಅಕ್ಕಾ?"

"ಬಂದು ನೋಡು," ಎಂದರು ಆಕೆ.