ಬೀದಿದೀಪದ ಬಾಬ್ತು ಮತ್ತು ನಮ್ಮ ಸಹಿ



ಶಿಕಾಗೊ ನಗರದ ಪಶ್ಚಿಮಕ್ಕಿರುವ, ನಮ್ಮ ಕೂಟದ ಹಲವು ಕುಟುಂಬಗಳು ನೆಲೆಸಿರುವ ಬಡಾವಣೆಯೊಂದಕ್ಕೆ ಕಳೆದ ತಿಂಗಳು ಅಲ್ಲಿಯ ಪುರಸಭೆಯಿಂದ ನೋಟಿಸು ಬಂದಿತು. ಬಡಾವಣೆಯ ಕೊಳದ ದಂಡೆ ಕುಸಿಯುತ್ತಿದೆ, ಕಾಲುದಾರಿಯ ಇಕ್ಕೆಲದ ಮರಗಳು ಒಣಗುತ್ತಿವೆ, ದೀಪದ ಕಂಬಗಳು ತುಕ್ಕು ಹಿಡಿದಿವೆ. ಇವುಗಳ ದುರಸ್ತಿ ಮತ್ತು ನಿರ್ವಹಣೆಗಾಗಿ ಇಲ್ಲಿಯ ಮನೆಗಳನ್ನೆಲ್ಲ ಒಂದು ‘ಸ್ಪೆಷಲ್ ಸರ್ವಿಸ್ ಏರಿಯಾ’ ಎಂದು ಘೋಷಿಸಿ, ಮನೆಗಳ ತೆರಿಗೆ ಮೌಲ್ಯಕ್ಕೆ ಅನುಗುಣವಾಗಿ ಹೆಚ್ಚುವರಿ ಕರ ವಿಧಿಸುವ ಪ್ರಸ್ತಾವವಿದೆ, ಹೇಳುವುದಿದ್ದರೆ ಸಾರ್ವಜನಿಕ ವಿಚಾರಣೆಗೆ ಬನ್ನಿ ಎಂಬುದು ಅದರ ಸಾರ. ನೋಟಿಸು ತಲಪಿದ ಸಂಜೆಯೇ ನಮ್ಮವರ ವಾಟ್ಸ್‌ಆ್ಯಪ್ ಬಳಗದಲ್ಲಿ ಆಕ್ಷೇಪಣಾ ಅರ್ಜಿಯೊಂದು ಹರಿದಾಡಿತು. ಎಚ್‌ಒಎಗೆ ಕೊಡುತ್ತಿರುವುದು ಸಾಲದೇ, ಆ ಕೊಳದ ದಂಡೆಗೆ ನಾವು ಹೋಗುವುದೇ ಇಲ್ಲ, ದೀಪ ಬೇಕಾದವರು ತಮ್ಮ ತಮ್ಮ ಮನೆಯ ಮುಂದೆ ಹಾಕಿಸಿಕೊಳ್ಳಲಿ ಎಂಬುದು ಅದರ ಜತೆಗಿದ್ದ ಒಕ್ಕಣೆ.

ಆ ಅರ್ಜಿಗೆ ಸಹಿ ಹಾಕಬಾರದೆಂಬುದು ನಮ್ಮ ನಿಲುವು. ಈ ಪತ್ರಿಕೆಯನ್ನು ನಡೆಸುವ ಬಳಗದಲ್ಲಿಯೇ ಇಬ್ಬರು ಆಗಲೇ ಸಹಿ ಹಾಕಿದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅವರೊಡನೆ ಎರಡು ಸಂಜೆ ವಾದಿಸಿದ ಮೇಲೆಯೇ ಈ ಲೇಖನ ರೂಪುಗೊಂಡಿತು. ಹಾಗೆಂದು ಪುರಸಭೆಯ ಪ್ರಸ್ತಾವವನ್ನು ಇದ್ದಂತೆಯೇ ಒಪ್ಪಬೇಕೆಂದೂ ನಾವು ಹೇಳುತ್ತಿಲ್ಲ. ಅದರಲ್ಲೊಂದು ದೊಡ್ಡ ತಪ್ಪಿದೆ. ಆದರೆ ಅರ್ಜಿದಾರರು ಬೊಟ್ಟು ಮಾಡಿರುವ ತಪ್ಪು ಅದಲ್ಲ.

ಮೊದಲು ಎಚ್‌ಒಎ ಮಾತು. ಆ ಬಡಾವಣೆಯ ಎಚ್‌ಒಎ ಸಮಿತಿಗೆ ನಿಲ್ಲಲು ಮೂರು ವರ್ಷ ಯಾರೂ ಮುಂದೆ ಬರಲಿಲ್ಲ. ವಾರ್ಷಿಕ ಸಭೆಗೆ ಕೋರಂ ಸೇರಲಿಲ್ಲ. ಅದೇ ದಿನಗಳಲ್ಲಿ ನಮ್ಮ ರಾಜ್ಯೋತ್ಸವ ನಾಟಕದ ತಾಲೀಮಿಗೆ ಕುರ್ಚಿ ಸಾಲದಷ್ಟು ಜನರಿದ್ದರೆಂಬುದು ಸಂತೋಷದ ಸಂಗತಿಯೇ. ಆದರೆ ಕೊಳದ ದಂಡೆ ತಾಲೀಮಿನಿಂದ ನಿಲ್ಲುವುದಿಲ್ಲ. ನಾವೇ ನಡೆಸಬೇಕಿದ್ದ ಸಂಸ್ಥೆಯನ್ನು ನಾವೇ ಕೈಬಿಟ್ಟ ಮೇಲೆ ಪುರಸಭೆ ಬಂದು ಬಾಗಿಲು ತಟ್ಟಿದರೆ ಅದನ್ನು ದಬ್ಬಾಳಿಕೆ ಎನ್ನಲಾದೀತೇ?

‘ನಾವು ಬಳಸುವುದಿಲ್ಲ’ ಎಂಬ ಮಾತಂತೂ ನಮ್ಮ ಬಾಯಲ್ಲಿ ಶೋಭಿಸದು. ನಮ್ಮ ವನಭೋಜನಗಳು ನಡೆಯುವುದೆಲ್ಲಿ? ಬಸ್ಸಿ ವುಡ್ಸ್‌ನ ನೆರಳಿನಲ್ಲಿ ಬಿಸಿಬೇಳೆಬಾತು ಬಡಿಸುವಾಗ, ಆ ಕಾಡು ಕುಕ್ ಕೌಂಟಿಯ ಆಸ್ತಿ ತೆರಿಗೆಯಿಂದ ಉಳಿದಿರುವ ಕಾಡೆಂಬುದು ಎಷ್ಟು ಜನರ ನೆನಪಿಗೆ ಬಂದೀತು? 2022ರ ನವೆಂಬರಿನಲ್ಲಿ ಅದೇ ಕಾಡುಗಳ ರಕ್ಷಣೆಗೆ ತೆರಿಗೆಯನ್ನು ತುಸು ಏರಿಸಬಹುದೇ ಎಂದು ಕೌಂಟಿಯ ಮತದಾರರನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ‘ಆಗಬಹುದು’ ಎಂದರು. ಅವರೆಲ್ಲರೂ ಆ ಕಾಡುಗಳಿಗೆ ಹೋಗುವವರೇನಲ್ಲ. ಬೆಂಗಳೂರಿನಲ್ಲಿ ಮನೆ ಉಳಿಸಿಕೊಂಡಿರುವ ನಮ್ಮ ಸದಸ್ಯರು ಅಲ್ಲಿಯ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತ ಬಂದಿದ್ದಾರೆ. ‘ನಾನು ಓದುವವನಲ್ಲ’ ಎಂದು ಆ ಬಾಬ್ತನ್ನು ಕಳೆದು ಕಟ್ಟಿದವರನ್ನು ನಾವು ಕಂಡಿಲ್ಲ.

ಈ ಬಗೆಯ ಕರ ನಮಗೆ ಹೊಸದೂ ಅಲ್ಲ, ಪರದೇಶದ್ದೂ ಅಲ್ಲ. ನಮ್ಮ ಶಾಸನಗಳನ್ನು ಓದಿದವರು ಕೆರೆಯ ಏರಿಯನ್ನು ಕಾಪಾಡುವವನಿಗೆ ಬಿಟ್ಟ ಕಟ್ಟುಕೊಡಗೆಯನ್ನು ಬಲ್ಲರು. ಕೆರೆಯ ನೀರುಣ್ಣುವ ಗದ್ದೆಗಳಿಂದ ಆ ಕೆರೆಯ ದುರಸ್ತಿಗೆಂದೇ ಮೀಸಲಾಗುತ್ತಿದ್ದ ಬಿತ್ತುವಟ್ಟವನ್ನು ಬಲ್ಲರು. ದೇವಾಲಯದ ನಂದಾದೀವಿಗೆಗೆ ಊರಿನ ಗಾಣಗಳಿಂದ ಇಂತಿಷ್ಟು ಎಣ್ಣೆ ಎಂದು ಕಲ್ಲಿನಲ್ಲಿ ಕೊರೆಸಿದವರು ನಮ್ಮ ಹಿರಿಯರು. ಇಲಿನಾಯ್ ರಾಜ್ಯದ 1970ರ ಸಂವಿಧಾನ ಅವಕಾಶ ಕೊಟ್ಟ ಸ್ಪೆಷಲ್ ಸರ್ವಿಸ್ ಏರಿಯಾ ಎಂದರೆ, ಸರಳವಾಗಿ ಹೇಳುವುದಾದರೆ, ಈ ಕಾಲದ ಬಿತ್ತುವಟ್ಟ. ನಿರ್ದಿಷ್ಟ ಪ್ರದೇಶದಿಂದ ಎತ್ತಿದ ಹಣ ಆ ಪ್ರದೇಶದಲ್ಲಿಯೇ, ಹೇಳಿದ ಕೆಲಸಕ್ಕೇ ವೆಚ್ಚವಾಗಬೇಕು. ಕೊಳದ ಹಣ ಕೊಳಕ್ಕೇ ಹೋಗುತ್ತದೆಂಬ ಈ ಖಾತರಿ ಸಾಮಾನ್ಯ ತೆರಿಗೆಯಲ್ಲಿ ಇಲ್ಲ.

ಶಿಕಾಗೊ ನಗರದೊಳಗೇ ಇಂಥ ಐವತ್ತಕ್ಕೂ ಹೆಚ್ಚು ವಲಯಗಳಿವೆ. ನಾವು ಸೊಪ್ಪು, ಹಪ್ಪಳ, ಮಾವಿನ ಹಣ್ಣಿಗೆಂದು ಹೋಗುವ ಡಿವಾನ್ ಅವೆನ್ಯೂ ಅಂಥದೊಂದು, 43ನೆಯ ಸಂಖ್ಯೆಯದು. ಕಾಲುದಾರಿಯ ಹಿಮ ತೆಗೆಸುವುದು, ಕಸ ಗುಡಿಸುವುದು, ಹೂಕುಂಡ ಇಡಿಸುವುದು, ಹಬ್ಬದ ದಿನಗಳಲ್ಲಿ ದೀಪಾಲಂಕಾರ ಮಾಡಿಸುವುದು ಇಂಥ ವಲಯಗಳ ಕೆಲಸ. ಅದರ ಖರ್ಚನ್ನು ಆ ಬೀದಿಯ ಆಸ್ತಿಗಳು ಹೊರುತ್ತವೆ. ಬಾಡಿಗೆಯ ಅಂಗಡಿಯವನ ಮೇಲೂ ಅದು ಒಂದಲ್ಲ ಒಂದು ರೀತಿಯಲ್ಲಿ ಬೀಳುತ್ತದೆ. ಹೂಕುಂಡದಿಂದ ಅಂಗಡಿಗೆ ಗಿರಾಕಿ ಬರುವುದರಿಂದ ಅಂಗಡಿ ಅದಕ್ಕೆ ಹಣ ಕೊಡುವುದು ನ್ಯಾಯವೇ.

ಆದರೆ ದೀಪ ಹೂಕುಂಡವಲ್ಲ. ಪುರಸಭೆಯ ಪ್ರಸ್ತಾವದ ತಪ್ಪಿರುವುದು ಇಲ್ಲಿ. ಕೊಳ, ಮರ, ದೀಪ ಮೂರನ್ನೂ ಅದು ಒಂದೇ ಗಂಟಿನಲ್ಲಿ ಕಟ್ಟಿದೆ. ಕೊಳದ ಸುತ್ತ ಮನೆ ಕೊಂಡವರು ಕೊಳದ ಖರ್ಚು ಹೊರಲಿ. ಆದರೆ ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದು ನಡೆದು ಹೋಗುವ ದಾದಿ ಯಾವ ಬಡಾವಣೆಯವಳೆಂದು ಬೀದಿದೀಪ ಕೇಳುವುದಿಲ್ಲ. ಆದ್ದರಿಂದ ಅದರ ಬೆಲೆಯನ್ನು ಬಡಾವಣೆಯಿಂದ ಬಡಾವಣೆಗೆ ಹಂಚುವುದೂ ಸರಿಯಲ್ಲ. ಬೆಳಕನ್ನು ಆಯಾ ಬೀದಿಯ ಶಕ್ತಿಗೆ ಬಿಟ್ಟರೆ ಹಣವಿದ್ದ ಬೀದಿ ಬೆಳಗುತ್ತದೆ, ಇಲ್ಲದ ಬೀದಿ ಕತ್ತಲಾಗುತ್ತದೆ.

ಡೆಟ್ರಾಯಿಟ್ ಕಡೆಯ ನಮ್ಮ ಸದಸ್ಯರು ಇದನ್ನು ಕಣ್ಣಾರೆ ಕಂಡಿದ್ದಾರೆ. 2013ರ ಜುಲೈ 18ರಂದು ಆ ನಗರ ದಿವಾಳಿ ಅರ್ಜಿ ಸಲ್ಲಿಸಿದಾಗ ಅಲ್ಲಿಯ ಬೀದಿದೀಪಗಳಲ್ಲಿ ಸುಮಾರು ಶೇ. 40 ಉರಿಯುತ್ತಿರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಮೇಯರ್ ಡೇವ್ ಬಿಂಗ್ ಐವತ್ತರಷ್ಟು ಉದ್ಯಾನಗಳನ್ನು ಮುಚ್ಚುವುದಾಗಿ ಪ್ರಕಟಿಸಿದ್ದರು. ಬಳಿಕ ದಾನಿಗಳು ಕೈಹಿಡಿದರು. ನಗರದ ಹೆಮ್ಮೆಯಾಗಿದ್ದ ಬೆಲ್ ಐಲ್ ದ್ವೀಪದ ಉಸ್ತುವಾರಿ 2014ರ ಫೆಬ್ರವರಿಯಲ್ಲಿ ಗುತ್ತಿಗೆಯ ಮೇಲೆ ರಾಜ್ಯಕ್ಕೆ ಹೋಯಿತು.

ಡೆಟ್ರಾಯಿಟಿನ ಒಡಲೊಳಗೇ ಇರುವ ಹೈಲ್ಯಾಂಡ್ ಪಾರ್ಕಿನ ಕಥೆ ಇನ್ನೂ ಕಟು. ಫೋರ್ಡ್ ಕಂಪನಿ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ ಪುಟ್ಟ ಊರು ಅದು. ಕ್ರೈಸ್ಲರ್ ಕಂಪನಿಯ ಮುಖ್ಯ ಕಚೇರಿಯೂ ಅಲ್ಲಿಯೇ ಇತ್ತು. 1990ರ ದಶಕದಲ್ಲಿ ಅದು ಆಬರ್ನ್ ಹಿಲ್ಸ್‌ಗೆ ಸ್ಥಳಾಂತರವಾಯಿತು. ಉದ್ಯಮ ಹೋಯಿತು, ಜನ ಹೋದರು, ತೆರಿಗೆ ಕಟ್ಟುವ ಆಸ್ತಿಗಳ ಬೆಲೆ ಕುಸಿಯಿತು. 2011ರಲ್ಲಿ, ಸುಮಾರು 40 ಲಕ್ಷ ಡಾಲರ್ ವಿದ್ಯುತ್ ಬಾಕಿಯ ಇತ್ಯರ್ಥದ ಭಾಗವಾಗಿ, ಡಿಟಿಇ ಎನರ್ಜಿ ಸಂಸ್ಥೆ ಆ ಊರಿನ ಸಾವಿರಕ್ಕೂ ಹೆಚ್ಚು ಬೀದಿದೀಪಗಳನ್ನು ತೆಗೆದುಹಾಕಿತು. ಬರಿಯ ಆರಿಸಿದ್ದಲ್ಲ, ಕಂಬಗಳನ್ನೇ ಕಿತ್ತೊಯ್ದರು. ಆಮೇಲೆ ಅಲ್ಲಿಯ ನಿವಾಸಿಗಳು ಸೇರಿ ಸೌರದೀಪದ ಕಂಬಗಳನ್ನು ಒಂದೊಂದಾಗಿ ನಿಲ್ಲಿಸಲು ಹೊರಟರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ ಎಂದು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಅದಾಗಿ ನೂರು ವರ್ಷ ಕಳೆದ ಮೇಲೆ ಅಮೆರಿಕದ ಊರೊಂದು ಬಾಕಿಗಾಗಿ ಕತ್ತಲಿಗೆ ಮರಳಿತು. ಆಬರ್ನ್ ಹಿಲ್ಸ್‌ನಲ್ಲಿ ದುಡಿಯುವ ನಮ್ಮ ಎಂಜಿನಿಯರುಗಳು ಟ್ರಾಯ್‌ಗೋ ರಾಚೆಸ್ಟರ್ ಹಿಲ್ಸ್‌ಗೋ ಬೆಳಕಿನ ಹಾದಿಯಲ್ಲಿ ಮನೆಗೆ ಮರಳುವಾಗ, ಆ ಕಚೇರಿ ಹಿಂದೆ ಎಲ್ಲಿತ್ತೆಂಬುದನ್ನು ಒಮ್ಮೆ ನೆನೆದರೆ ತಪ್ಪಲ್ಲ.

ಡೆಟ್ರಾಯಿಟ್ ಮತ್ತೆ ಬೆಳಗಿದ್ದು ಹೇಗೆ? ಬೀದಿ ಬೀದಿಯ ವಂತಿಗೆಯಿಂದಲ್ಲ. ಬೀದಿದೀಪಕ್ಕೆಂದೇ ಪ್ರತ್ಯೇಕ ಪ್ರಾಧಿಕಾರ ರಚಿಸಿ, ಸುಮಾರು 18.5 ಕೋಟಿ ಡಾಲರ್ ಸಾಲವೆತ್ತಿ, 2016ರ ಅಂತ್ಯದೊಳಗೆ ಸುಮಾರು 65,000 ಎಲ್‌ಇಡಿ ದೀಪಗಳನ್ನು ಹಾಕಿದರು. ಕೆಲವು ದೀಪಗಳು ಬೇಗನೆ ಮಂಕಾಗಿ ಬದಲಿಸಬೇಕಾಯಿತೆಂಬುದೂ ನಿಜ. ಆದರೆ ಸಾಲಕ್ಕೆ ಆಧಾರವಾಗಿದ್ದು ನಗರದ ಎಲ್ಲರ ವಿದ್ಯುತ್, ಅನಿಲ, ದೂರವಾಣಿ ಬಿಲ್ಲಿನ ಮೇಲಿನ ತೆರಿಗೆ. ಅದರಿಂದ ವರ್ಷಕ್ಕೆ 1.25 ಕೋಟಿ ಡಾಲರನ್ನು ದೀಪಕ್ಕೆಂದು ಮೀಸಲಿಟ್ಟರು. ಯಾವ ಬೀದಿ ಎಷ್ಟು ಕೊಟ್ಟಿತೆಂದು ನೋಡಿ ಬೆಳಕು ಹಂಚಲಿಲ್ಲ.

ಊರಿನ ಎಲ್ಲೆಯನ್ನು ದಾಟಿಯೂ ಹಂಚಿಕೊಳ್ಳಲು ಸಾಧ್ಯ. ಕೆನ್ಸಿಂಗ್ಟನ್, ಸ್ಟೋನಿ ಕ್ರೀಕ್ ಮುಂತಾದ ಮೆಟ್ರೋಪಾರ್ಕುಗಳಿಗೆ ವೇನ್, ಓಕ್‌ಲ್ಯಾಂಡ್, ಮಕೋಂಬ್, ವಾಶ್ಟೆನಾ, ಲಿವಿಂಗ್‌ಸ್ಟನ್ ಎಂಬ ಐದು ಕೌಂಟಿಗಳ ಮತದಾರರು 1940ರಲ್ಲಿಯೇ ಒಪ್ಪಿಗೆ ಕೊಟ್ಟರು. ಅಂದಿನಿಂದ ಐದೂ ಕೌಂಟಿಗಳ ಆಸ್ತಿಗಳು ಅವನ್ನು ಸಾಕುತ್ತಿವೆ. ಆ 13 ಉದ್ಯಾನಗಳಲ್ಲಿ ಒಂದೂ ಡೆಟ್ರಾಯಿಟ್ ನಗರದ ಎಲ್ಲೆಯೊಳಗಿಲ್ಲ. ಎಂದರೆ ನಮ್ಮ ಉಪನಗರಗಳ ವನಭೋಜನಕ್ಕೆ ಡೆಟ್ರಾಯಿಟಿನ ಮನೆಯವರು ಎಂಟು ದಶಕಗಳಿಂದ ತಮ್ಮ ಪಾಲು ಕೊಡುತ್ತಿದ್ದಾರೆ. ‘ಬೇಕಾದವರು ಹಾಕಿಸಿಕೊಳ್ಳಲಿ’ ಎಂದು ಅವರು ಹೇಳಿದ್ದರೆ?

ಇನ್ನೊಂದು ಸಂಗತಿಯನ್ನು ಅರ್ಜಿದಾರರು ಎತ್ತಿದ್ದರೆ ನಾವೂ ದನಿಗೂಡಿಸುತ್ತಿದ್ದೆವು. ಮೌಲ್ಯಕ್ಕೆ ತಕ್ಕ ಕರ ಎನ್ನುವಾಗ ಮೌಲ್ಯ ಕಟ್ಟುವ ತಕ್ಕಡಿ ನೆಟ್ಟಗಿರಬೇಕು. ಮಿಶಿಗನ್ ಸಂವಿಧಾನದ ಪ್ರಕಾರ ಆಸ್ತಿಯನ್ನು ಮಾರುಕಟ್ಟೆ ಬೆಲೆಯ ಅರ್ಧಕ್ಕಿಂತ ಹೆಚ್ಚಿಗೆ ನಿರ್ಧರಿಸುವಂತಿಲ್ಲ. ಆದರೂ 2010ರಿಂದ 2016ರವರೆಗೆ ಡೆಟ್ರಾಯಿಟಿನ ಮನೆಯವರಿಂದ 60 ಕೋಟಿ ಡಾಲರಿನಷ್ಟು ತೆರಿಗೆಯನ್ನು ಹೆಚ್ಚಾಗಿ ವಸೂಲು ಮಾಡಲಾಯಿತೆಂದು ಡೆಟ್ರಾಯಿಟ್ ನ್ಯೂಸ್ 2020ರಲ್ಲಿ ಲೆಕ್ಕ ಹಾಕಿ ತೋರಿಸಿತು. ಕುಕ್ ಕೌಂಟಿಯಲ್ಲಿ ಅಗ್ಗದ ಮನೆಗಳಿಗೆ ಹೆಚ್ಚು, ದುಬಾರಿ ಮನೆಗಳಿಗೆ ಕಡಿಮೆ ಮೌಲ್ಯ ಕಟ್ಟಲಾಗುತ್ತಿದೆ ಎಂಬುದನ್ನು 2017ರಲ್ಲಿ ಶಿಕಾಗೊ ಟ್ರಿಬ್ಯೂನ್ ಮತ್ತು ಪ್ರೊಪಬ್ಲಿಕಾ ಇಲಿನಾಯ್ ಬಯಲಿಗೆಳೆದವು. ಮರುವರ್ಷ ಅಸೆಸರ್ ಜೋಸೆಫ್ ಬೆರಿಯೋಸ್ ತಮ್ಮ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲೇ ಸೋತರು. ವಾಲಿದ ತಕ್ಕಡಿಯ ಮೇಲೆ ಹೊಸ ಕರ ಹೇರಿದರೆ ಅನ್ಯಾಯ ಇಮ್ಮಡಿಯಾಗುತ್ತದೆ. ಈ ಪ್ರಶ್ನೆಯನ್ನು ವಿಚಾರಣೆಯಲ್ಲಿ ಎತ್ತಲೇಬೇಕು.

ಎತ್ತುವವರು ಯಾರು? ನಮ್ಮ ಸದಸ್ಯರಲ್ಲಿ ಅನೇಕರಿಗೆ ಈ ದೇಶದಲ್ಲಿ ಮತವಿಲ್ಲ. ಎಚ್-1ಬಿ ವೀಸಾದಲ್ಲಿಯೋ ಗ್ರೀನ್ ಕಾರ್ಡಿನ ಸರದಿಯಲ್ಲಿಯೋ ಇರುವವರು ಮನೆ ಕೊಂಡಿದ್ದಾರೆ, ತೆರಿಗೆ ಕಟ್ಟುತ್ತಿದ್ದಾರೆ, ಆದರೆ ಮೇಯರನ್ನು ಆರಿಸುವಂತಿಲ್ಲ. ಅಂಥವರಿಗೆ ಸ್ಥಳೀಯ ಆಡಳಿತದಲ್ಲಿ ತೆರೆದಿರುವ ಕೆಲವೇ ಬಾಗಿಲುಗಳಲ್ಲಿ ಇದೂ ಒಂದು. ಇಲಿನಾಯ್‌ನಲ್ಲಿ ವಿಚಾರಣೆ ಮುಗಿದ 60 ದಿನಗಳೊಳಗೆ ವಲಯದ ನೋಂದಾಯಿತ ಮತದಾರರಲ್ಲಿ ಶೇ. 51 ಮತ್ತು ಆಸ್ತಿಯ ಮಾಲೀಕರಲ್ಲಿ ಶೇ. 51 ಮಂದಿ ಆಕ್ಷೇಪಿಸಿದರೆ ಪ್ರಸ್ತಾವ ಬಿದ್ದುಹೋಗುತ್ತದೆ. ಮಾಲೀಕರ ಈ ಎಣಿಕೆಯಲ್ಲಿ ಪೌರತ್ವವನ್ನು ಯಾರೂ ಕೇಳುವುದಿಲ್ಲ. ಮಿಶಿಗನ್‌ನ ಟೌನ್‌ಶಿಪ್ಪುಗಳಲ್ಲಿ 1954ರ 188ನೆಯ ಕಾಯಿದೆಯಡಿ ಬೀದಿದೀಪ ಮುಂತಾದವುಗಳಿಗೆ ಕರ ಹಾಕುವಾಗ, ವಲಯದ ಶೇ. 20ಕ್ಕಿಂತ ಹೆಚ್ಚು ಭೂಮಿಯ ಒಡೆಯರು ಲಿಖಿತವಾಗಿ ಆಕ್ಷೇಪಿಸಿದರೆ, ಅರ್ಧಕ್ಕಿಂತ ಹೆಚ್ಚು ಭೂಮಿಯ ಒಡೆಯರ ಒಪ್ಪಿಗೆಯ ಅರ್ಜಿ ಇಲ್ಲದೆ ಮುಂದುವರಿಯುವಂತಿಲ್ಲ. ಅಲ್ಲಿ ವಿಚಾರಣೆಯಲ್ಲಿ ಆಕ್ಷೇಪ ದಾಖಲಿಸದವರು ಬಳಿಕ ತೆರಿಗೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವಂತೆಯೂ ಇಲ್ಲ.

ಇಷ್ಟು ಬಲವಿರುವ ಸಹಿಯನ್ನು ಓದದೆ ಒತ್ತಿಬಿಡುವುದೇ? ಅರ್ಜಿ ಗೆದ್ದರೆ ಎರಡು ವರ್ಷ ಆ ಪ್ರಸ್ತಾವವನ್ನು ಮತ್ತೆ ಎತ್ತುವಂತಿಲ್ಲ. ಎರಡು ಚಳಿಗಾಲದ ಹಿಮ ಕರಗಿ ಹರಿಯುವಷ್ಟರಲ್ಲಿ ಆ ದಂಡೆಯ ಗತಿ ಏನಾದೀತೆಂಬುದನ್ನು ಕೊಳದ ಪಕ್ಕದ ಮನೆಯವರನ್ನೇ ಕೇಳಿ, ಅವರಲ್ಲೂ ನಮ್ಮವರಿದ್ದಾರೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ಕೇಳಿ ಬೆಳೆದವರು ನಾವು. ಮೂವತ್ತು ವರ್ಷದ ಸಾಲ ಮಾಡಿ ಮನೆ ಕೊಂಡವರು ಇನ್ನೂ ತಾವು ಈ ಊರಿನವರಲ್ಲವೆಂಬಂತೆ ನಡೆದುಕೊಳ್ಳುವುದು ನಮಗೆ ಅರ್ಥವಾಗದ ಸಂಗತಿ.

ವಿಚಾರಣೆಗೆ ನಮ್ಮ ಬಳಗದಿಂದ ಮೂವರು ಹೋಗುತ್ತಿದ್ದೇವೆ. ಸಹಿ ಹಾಕಿದ್ದ ಇಬ್ಬರಲ್ಲಿ ಒಬ್ಬರೂ ಬರುತ್ತಿದ್ದಾರೆ. ಕೊಳಕ್ಕೂ ಮರಗಳಿಗೂ ಕರ ಕೊಡುತ್ತೇವೆ, ಆದರೆ ಗರಿಷ್ಠ ದರವನ್ನು ಇಳಿಸಿ, ಎಷ್ಟು ವರ್ಷವೆಂಬುದನ್ನು ಬರೆದುಕೊಡಿ, ವರ್ಷದ ಲೆಕ್ಕವನ್ನು ಬಡಾವಣೆಯವರ ಮುಂದಿಡಿ, ದೀಪದ ಬಾಬ್ತನ್ನು ಇದರಿಂದ ತೆಗೆದು ಊರಿನ ಸಾಮಾನ್ಯ ನಿಧಿಗೆ ಸೇರಿಸಿ, ಪಕ್ಕದ ಹಳೆಯ ಬಡಾವಣೆಯ ಕಂಬಗಳನ್ನೂ ಅದೇ ಪಟ್ಟಿಯಲ್ಲಿ ದುರಸ್ತಿ ಮಾಡಿಸಿ ಎಂದು ಹೇಳಲಿದ್ದೇವೆ. ಪಕ್ಕದ ಬಡಾವಣೆಯಲ್ಲಿ ನಮ್ಮ ಸದಸ್ಯರು ಯಾರೂ ಇಲ್ಲ.

ಬರುವ ತಿಂಗಳ ಮೊದಲ ಮಂಗಳವಾರ ಸಂಜೆ 7ಕ್ಕೆ, ಪುರಸಭೆಯ ಸಭಾಂಗಣದಲ್ಲಿ. ಬಡಾವಣೆಯಿಂದ ಕೊಳದ ದಂಡೆಯ ಮೇಲೆ ನಡೆದರೆ ಹತ್ತು ನಿಮಿಷದ ದಾರಿ. ಆ ದಾರಿಯ ಎರಡು ದೀಪಗಳು ಈಗ ಉರಿಯುತ್ತಿಲ್ಲ, ಟಾರ್ಚ್ ತನ್ನಿ.