ಇಪ್ಪತ್ತೆರಡಕ್ಕೇ ಜಾತಕ ಬರೆಯೋ ಪಂಡಿತರು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡೆಸೆದು ಇಡೀ ತಂಡವನ್ನು ಆಡಿಸುವವನು. ಅವನಿಗೆ ಇಪ್ಪತ್ತೆರಡು ತುಂಬುವಷ್ಟರಲ್ಲಿ 'ಬಸ್ಟ್' ಅಂತ ಹಣೆಪಟ್ಟಿ ಹಚ್ಚೋ ಟಿವಿ ಪಂಡಿತರನ್ನು ಕಂಡ್ರೆ ನನಗೆ ಮೈ ಉರಿಯುತ್ತೆ.

ಸ್ಯಾಮ್ ಡಾರ್ನಾಲ್ಡ್‌ನನ್ನೇ ತಗೊಳ್ಳಿ. 2018ರಲ್ಲಿ ಕಾಲೇಜು ಹುಡುಗರನ್ನು ಆರಿಸೋ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿದ. ಮರುವರ್ಷ ಪೇಟ್ರಿಯಟ್ಸ್ ಎದುರು 33-0 ಸೋಲು. ಅವತ್ತು ಬೆಂಚಲ್ಲಿ ಕೂತು 'ದೆವ್ವ ಕಾಣ್ತಿದೆ' ಅಂದಿದ್ದು ಟಿವಿ ಮೈಕಿಗೆ ಸಿಕ್ಕಿ ಊರೆಲ್ಲ ನಕ್ಕಿತು. 2021ರಲ್ಲಿ ಕೆರೊಲಿನಾಗೆ ಸಾಗಹಾಕಿದರು. ಕಥೆ ಮುಗೀತು ಅಂದರು. ಅದೇ ಹುಡುಗ 2024ರಲ್ಲಿ ಮಿನ್ನೆಸೋಟಾಗೆ 14 ಪಂದ್ಯ ಗೆದ್ದುಕೊಟ್ಟ! ತೋಳು ಅದೇ ಸ್ವಾಮಿ. ಬದಲಾಗಿದ್ದು ಕೋಚು, ಚೆಂಡು ಹಿಡಿಯೋಕೆ ಜಸ್ಟಿನ್ ಜೆಫರ್ಸನ್ ಥರದವನು.

ಅದೇ ಡ್ರಾಫ್ಟ್‌ನ ಜಾಶ್ ಅಲೆನ್ ಮೊದಲ ವರ್ಷ ಎಸೆದ ಚೆಂಡುಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 53ರಷ್ಟು. ಬಫಲೋ ಕೋಚನ್ನು ಬದಲಿಸದೆ ಕಾಯಿತು, ಸ್ಟೆಫಾನ್ ಡಿಗ್ಸ್‌ನನ್ನು ತಂದುಕೊಟ್ಟಿತು. 2020ರಲ್ಲಿ 69 ಆಯ್ತು. ಜಾಶ್ ರೋಸೆನ್‌ಗೆ ಆ ಭಾಗ್ಯವಿರಲಿಲ್ಲ. ಅರಿಜೋನಾ ಒಂದೇ ವರ್ಷಕ್ಕೆ ಕೈಬಿಟ್ಟು ಬೇರೆಯವನನ್ನು ತಂದಿತು.

ಎಲ್ಲರೂ ಅಲೆನ್ ಆಗಲ್ಲ, ಒಪ್ಪಿದೆ. 2007ರಲ್ಲಿ ಮೊದಲನೆಯವನಾಗಿ ಬಂದ ಜಮಾರ್ಕಸ್ ರಸೆಲ್ ಮೂರು ಸೀಸನ್ನಿಗೇ ಮನೆಗೆ ಹೋದ. ಆದ್ರೆ ಕೆಟ್ಟ ತಂಡಕ್ಕೆ ಹುಡುಗನನ್ನು ಹಾಕಿ, ಅವನ ಅಂಕಿಗಳನ್ನಷ್ಟೇ ಹಿಡಿದು ಭವಿಷ್ಯ ಹೇಳೋದು ಯಾವ ನ್ಯಾಯ?

2023ರಲ್ಲಿ ಕೆರೊಲಿನಾ ಬ್ರೈಸ್ ಯಂಗ್‌ನನ್ನು ಮೊದಲನೆಯವನಾಗಿ ತಂದಿತು. ಮರುವರ್ಷ ಎರಡೇ ಪಂದ್ಯಕ್ಕೆ ಬೆಂಚಿಗೆ ಕೂರಿಸಿತು. ಮೊದಲ ವರ್ಷ ಎದುರಾಳಿಗಳು ಅವನನ್ನು 62 ಸಲ ನೆಲಕ್ಕೆ ಕೆಡವಿದ್ದರು. ಅಷ್ಟೂ ಸಲ ಅವನನ್ನು ಕಾಯಬೇಕಿದ್ದವರು ಎಲ್ಲಿದ್ದರು?